ನೋಟವೂ ಅನುಮೋದನೆಯೇ?

ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಈ ಮೂರೂ ಕರ್ಮಾಸ್ರವಕ್ಕೆ ಕಾರಣಗಳೆಂಬುದನ್ನು ನಮ್ಮ ಪಾಠಶಾಲೆಗಳಲ್ಲಿ ಎಳೆಯ ಮಕ್ಕಳಿಗೂ ಕಲಿಸುತ್ತಾರೆ. ಮೊದಲಿನ ಎರಡರ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಕೊಂದವನೂ ಕೊಲ್ಲಿಸಿದವನೂ ಹೊಣೆಗಾರರೆಂಬುದನ್ನು ಲೋಕದ ಕಾನೂನೂ ಒಪ್ಪುತ್ತದೆ. ತೊಡಕಿರುವುದು ಮೂರನೆಯದರಲ್ಲಿ. ತಾನು ಕೈಯಿಕ್ಕದ, ತಾನು ಹೇಳಿ ಮಾಡಿಸದ, ತಾನು ಹುಟ್ಟುವ ಮೊದಲೇ ಆಗಿಹೋಗಿರುವ ಒಂದು ಕಾರ್ಯವನ್ನು ಕಂಡು ‘ಎಷ್ಟು ಚೆಂದ!’ ಎಂದು ಉದ್ಗರಿಸಿದವನು ಆ ಕಾರ್ಯದಲ್ಲಿ ಎಷ್ಟರಮಟ್ಟಿಗೆ ಪಾಲುದಾರನಾಗುತ್ತಾನೆ? ಏನೂ ಇಲ್ಲವೆಂದು ಹೇಳಿಬಿಡುವುದು ಸುಲಭ. ಆದರೆ ಆದಿಪುರಾಣದ ಕಥೆಯನ್ನು ಕೇಳಿದವರಿಗೆ ಆ ಉತ್ತರ ಅಷ್ಟು ಸುಲಭವಾಗಿ ಬಾರದು. ವಜ್ರಜಂಘನೂ ಶ್ರೀಮತಿಯೂ ಅರಣ್ಯಮಧ್ಯದಲ್ಲಿ ಮುನಿಗಳಿಗೆ ಆಹಾರದಾನ ಮಾಡುವಾಗ ಅದನ್ನು ನೋಡುತ್ತ ನಿಂತಿದ್ದ ಹುಲಿ, ಹಂದಿ, ಕೋತಿ, ಮುಂಗುಸಿಗಳು ಮಾಡಿದ್ದೇನು? ನೋಡಿದವು, ಹರ್ಷಿಸಿದವು, ಅಷ್ಟೇ. ಆ ಹರ್ಷವೇ ಅವುಗಳನ್ನು ಭೋಗಭೂಮಿಗೆ ಒಯ್ದಿತು. ಒಳ್ಳೆಯದನ್ನು ಕಂಡು ಹಿಗ್ಗಿದ್ದಕ್ಕೆ ಲೆಕ್ಕವಿರುವುದಾದರೆ, ಇತರ ಹಿಗ್ಗುಗಳಿಗೆ ಲೆಕ್ಕವಿಲ್ಲವೆಂದು ಹೇಳುವ ಅಧಿಕಾರ ನಮಗೆಲ್ಲಿಯದು?

ಈ ಜಿಜ್ಞಾಸೆ ಶಾಸ್ತ್ರಸಭೆಗೆ ಮಾತ್ರ ಸಂಬಂಧಿಸಿದ್ದಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಅನೇಕ ಮನೆತನಗಳ ಮಕ್ಕಳು ಈಗ ಅಮೇರಿಕೆಯಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ತಂದೆ-ತಾಯಂದಿರು ಹೋಗುತ್ತಾರೆ; ಮೊಮ್ಮಗುವಿನ ಬಾಣಂತನ ಮುಗಿಸಿ, ಆರು ತಿಂಗಳಿದ್ದು ಬರುತ್ತಾರೆ. ಕ್ಯಾಲಿಫೋರ್ನಿಯಾಕ್ಕೆ ಹೋದವರನ್ನು ಮಕ್ಕಳು ಮೊದಲು ಮಿಲ್ಪಿಟಾಸ್ ಊರಿನ ಜಿನಮಂದಿರಕ್ಕೆ ಕರೆದೊಯ್ಯುವುದು ರೂಢಿ. ದಿಗಂಬರ, ಶ್ವೇತಾಂಬರ ಎರಡೂ ಆಮ್ನಾಯದವರು ಒಂದೇ ಸೂರಿನಡಿ ಪೂಜಿಸುವ ಆ ಮಂದಿರವನ್ನು ಕಂಡು ಹಿರಿಯರಿಗೆ ಸಂತೋಷವಾಗುತ್ತದೆ. ಮತ್ತೊಂದು ರಜಾದಿನ ಅಲ್ಲಿಂದ ಸುಮಾರು ಎರಡು ಗಂಟೆಯ ದಾರಿಯ ಮಾಂಟೆರೇ ಪರ್ಯಾಯದ್ವೀಪಕ್ಕೆ ಕಾರು ಹೊರಡುತ್ತದೆ. ಅಲ್ಲಿ ‘ಹದಿನೇಳು ಮೈಲಿಯ ದಾರಿ’ ಎಂದು ಹೆಸರಾದ ಕಡಲಂಚಿನ ರಸ್ತೆಯೊಂದಿದೆ. ಅದು ಖಾಸಗಿಯವರದು, ಕಾರಿಗೆ ಸುಂಕ ಕೊಟ್ಟು ಒಳಹೋಗಬೇಕು. ಆ ದಾರಿಯ ಮುಖ್ಯ ಆಕರ್ಷಣೆ ಪೆಬ್ಬಲ್ ಬೀಚ್ ಎಂಬ ಗಾಲ್ಫ್ ಮೈದಾನ.

ಗಾಲ್ಫ್ ಆಟವನ್ನು ನೋಡದ ವಾಚಕರಿಗಾಗಿ ಎರಡು ಮಾತು. ಸಣ್ಣದೊಂದು ಗಟ್ಟಿ ಚೆಂಡನ್ನು ಕೋಲಿನಿಂದ ಹೊಡೆದು, ದೂರದಲ್ಲಿರುವ ಕುಳಿಗೆ ಬೀಳಿಸಬೇಕು. ಅಂಥ ಹದಿನೆಂಟು ಕುಳಿಗಳು. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ಪೆಬ್ಬಲ್ ಬೀಚ್ ಮೈದಾನವನ್ನು ಜಾಕ್ ನೆವಿಲ್ ಮತ್ತು ಡಗ್ಲಸ್ ಗ್ರಾಂಟ್ ಎಂಬಿಬ್ಬರು ರೂಪಿಸಿದರು. 1919ರಲ್ಲಿ ಅದು ಆರಂಭವಾಯಿತು. ಅದರ ಅನೇಕ ಕುಳಿಗಳು ಪೆಸಿಫಿಕ್ ಸಾಗರದ ಮೇಲೆ ಚಾಚಿಕೊಂಡಿರುವ ಕಡಿದಾದ ಬಂಡೆಗಳ ಅಂಚಿನಲ್ಲಿಯೇ ಇವೆ. ಏಳನೆಯದು ನೂರು ಮೀಟರಿಗಿಂತಲೂ ಗಿಡ್ಡ. ನೆಲದ ತುದಿಯೊಂದು ಅಲೆಗಳ ನಡುವೆ ಇಳಿದು ನಿಂತಂತಿದೆ. ಎಂಟನೆಯದರಲ್ಲಿ ಕಡಲು ಕೊರೆದ ಕಂದರವೊಂದನ್ನು ದಾಟಿಸಿ ಚೆಂಡನ್ನು ಹೊಡೆಯಬೇಕು. ಕಡೆಯ ಕುಳಿ ದಂಡೆಯುದ್ದಕ್ಕೂ ಸಾಗುತ್ತದೆ. ಹಣವುಳ್ಳ ಯಾರಾದರೂ ಆಡಬಹುದು. ಒಂದು ಸಲದ ಆಟಕ್ಕೆ ಆರುನೂರು ಡಾಲರಿಗೂ ಮಿಗಿಲು. ನಮ್ಮ ಹಿರಿಯರಾರೂ ಆಡಲು ಹೋಗುವುದಿಲ್ಲ, ನೋಡಲು ಹೋಗುತ್ತಾರೆ.

ಈ ಲೇಖನವನ್ನು ಬರೆಯುತ್ತಿರುವವನ ಮನೆ ವಿಜಯಪುರದ ಅಥಣಿ ರಸ್ತೆಯ ಮೇಲಿದೆ. ಇಲ್ಲಿಂದ ಪಶ್ಚಿಮಕ್ಕೆ ತೊರವಿ, ಅದರಾಚೆ ತಿಕೋಟಾ. ಎರಡೂ ಕಡೆ ಎರೆಭೂಮಿ, ಮಡ್ಡಿ, ಜೋಳ, ತೊಗರಿ, ದ್ರಾಕ್ಷಿಯ ಪಡಗಳು. ವರ್ಷವೆಲ್ಲ ಸೇರಿ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆ, ಅದೂ ನಂಬುವಂಥದಲ್ಲ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೆಲದಡಿಯಲ್ಲಿ ಸುರಂಗ ಕೊರೆಸಿ ಪಟ್ಟಣಕ್ಕೆ ನೀರು ತಂದರು. ಅದರ ಗಾಳಿಬಾವಿಗಳ ಸಾಲು ಇಂದಿಗೂ ಹೊಲಗಳಲ್ಲಿ ಕಾಣಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ತಿಕೋಟಾ, ಬಬಲೇಶ್ವರ ಭಾಗದ ಅನೇಕ ಕೆರೆಗಳು ಕೃಷ್ಣೆಯ ನೀರನ್ನು ಕಂಡಿವೆ. ಆದರೂ ಬರಗಾಲದಲ್ಲಿ ಟ್ಯಾಂಕರ್ ನೀರನ್ನು ಕೊಂಡು ದ್ರಾಕ್ಷಿಬಳ್ಳಿಯ ಬುಡಕ್ಕೆ ಹನಿಸಿದ ರೈತರನ್ನು ಈ ರಸ್ತೆಯ ಮೇಲಿನವರೆಲ್ಲರೂ ಬಲ್ಲರು. ಇಂಥ ನೆಲದಿಂದ ಹೋದವನ ಕಣ್ಣಿಗೆ ಒಂದೆಡೆ ನೀಲಿ, ಒಂದೆಡೆ ಹಸುರು ಏಕಕಾಲಕ್ಕೆ ಬಿದ್ದರೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ನಾನು ಅಲ್ಲಿ ನಿಂತದ್ದು ಒಂದು ಮಧ್ಯಾಹ್ನ ಮಾತ್ರ. ಜೊತೆಗಿದ್ದ ವಯೋವೃದ್ಧರೊಬ್ಬರು, ಜೀವಮಾನವಿಡೀ ಜೋಳ ಬೆಳೆದವರು, ಬಗ್ಗಿ ಅಂಗೈಯಿಂದ ಹುಲ್ಲನ್ನು ಮುಟ್ಟಿ ನೋಡಿ, “ಇದನ್ನ ದನಾ ಮೇಯಿಸೂದಿಲ್ಲೇನು?” ಎಂದು ಕೇಳಿದರು. ಇಲ್ಲವೆಂದಾಗ ಮತ್ತೆ ಮಾತಾಡಲಿಲ್ಲ.

ಆ ಮಾತಿನಲ್ಲಿ ನಮ್ಮ ಮೂರನೆಯ ಗುಣವ್ರತದ ಸಾರವೇ ಅಡಗಿದೆ. ಲೋಕದ ಕನ್ನಡದಲ್ಲಿ ಅನರ್ಥವೆಂದರೆ ವಿಪತ್ತು. ವ್ರತದ ಭಾಷೆಯಲ್ಲಿ ಅದು ಪ್ರಯೋಜನವಿಲ್ಲದ್ದು. ಗೃಹಸ್ಥನು ಹೊಲ ಉಳುತ್ತಾನೆ, ಒಲೆ ಹೊತ್ತಿಸುತ್ತಾನೆ, ನೀರು ಸೇದುತ್ತಾನೆ. ಇವುಗಳಲ್ಲೆಲ್ಲ ಏಕೇಂದ್ರಿಯ ಜೀವಿಗಳಿಗೆ ಬಾಧೆಯುಂಟು. ಆದರೂ ಅವು ಜೀವನಕ್ಕೆ ಬೇಕಾದ ಆರಂಭಗಳೆಂದು ಶಾಸ್ತ್ರವು ಅವನನ್ನು ಸಹಿಸುತ್ತದೆ. ಸಹಿಸದಿರುವುದು ಬರಿದೇ ಮಾಡುವ ಬಾಧೆಯನ್ನು. ಆಚಾರ್ಯ ಸಮಂತಭದ್ರರು ರತ್ನಕರಂಡಕದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ಹೇಳುತ್ತಾರೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಕಾರಣವಿಲ್ಲದೆ ನೆಲವನ್ನಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯೆಬ್ಬಿಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು, ಸುಮ್ಮನೆ ಅಲೆಯುವುದು, ಅಲೆಯಿಸುವುದು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಗಾಲ್ಫ್ ಮೈದಾನವನ್ನು ಸುತ್ತಿದರೆ, ಬೆಂಕಿಯೊಂದನ್ನುಳಿದು ಮಿಕ್ಕವೆಲ್ಲ ಎದುರಾಗುತ್ತವೆ. ನೆಲವನ್ನು ಅಗೆದು ದಿಬ್ಬ ತಗ್ಗುಗಳನ್ನು ಮಾಡಿದ್ದಾರೆ, ನೀರನ್ನು ಚಿಮ್ಮಿಸುತ್ತಾರೆ, ಕುಳಿಯ ಸುತ್ತಲಿನ ಹುಲ್ಲು ಮೂರು ನಾಲ್ಕು ಮಿಲಿಮೀಟರಿಗಿಂತ ಮೇಲೇಳದಂತೆ ದಿನದಿನವೂ ಕೊಯ್ಯುತ್ತಾರೆ. ಆ ಹುಲ್ಲು ಯಾವ ದನದ ಹೊಟ್ಟೆಗೂ ಹೋಗುವುದಿಲ್ಲ.

ಇಷ್ಟು ಹೇಳಿ ತೀರ್ಪು ಕೊಟ್ಟುಬಿಟ್ಟರೆ ಅದು ಏಕಾಂತವಾದವಾದೀತು. ಆಟಕ್ಕೆ ಪ್ರಯೋಜನವೇ ಇಲ್ಲವೆನ್ನುವವರು ಮಕ್ಕಳನ್ನು ಸಾಕಿದವರಲ್ಲ. ದೇಹಾರೋಗ್ಯ, ಸ್ನೇಹ, ಸೋತಾಗ ಸೈರಣೆ, ಇವೂ ಅರ್ಥಗಳೇ. ಗಾಲ್ಫ್ ಆಡುವ ಎಪ್ಪತ್ತರ ವೃದ್ಧನು ಒಂದು ಆಟದಲ್ಲಿ ಹಲವು ಕಿಲೋಮೀಟರು ನಡೆಯುತ್ತಾನೆ. ಮೇಲಾಗಿ ಈ ಆಟ ಹುಟ್ಟಿದ್ದು ಹೀಗಲ್ಲ. ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳಲ್ಲಿ, ಬೇಸಾಯಕ್ಕೆ ಬಾರದ ಬರಡು ನೆಲದಲ್ಲಿ, ಕುರಿ ಮೇಯ್ದುಬಿಟ್ಟ ಹುಲ್ಲಿನ ಮೇಲೆ ಜನರು ಆಡುತ್ತಿದ್ದರು. 1457ರಲ್ಲಿ ಅಲ್ಲಿನ ಸಂಸತ್ತು, ಯುವಕರು ಬಿಲ್ವಿದ್ಯೆ ಬಿಟ್ಟು ಇದಕ್ಕೆ ಬಿದ್ದಿದ್ದಾರೆಂದು ಆಟವನ್ನೇ ನಿಷೇಧಿಸಿತ್ತು. ನೆಲವು ಹೇಗಿದೆಯೋ ಹಾಗೆಯೇ ಅದನ್ನು ಒಪ್ಪಿ ಆಡುವುದು ಆಗಿನ ಧರ್ಮ. ಆಟಗಾರರೆಲ್ಲ ಪೂಜ್ಯಸ್ಥಾನವೆಂದು ಬಗೆಯುವ ಸೇಂಟ್ ಆಂಡ್ರೂಸ್ ಊರಿನ ಹಳೆಯ ಮೈದಾನದಲ್ಲಿ, ದೊಡ್ಡ ಪಂದ್ಯಗಳ ಸಂದರ್ಭವನ್ನು ಬಿಟ್ಟರೆ, ಭಾನುವಾರ ಆಟವಿಲ್ಲ. ಅಂದು ಊರ ಜನ ಮಕ್ಕಳೊಡನೆ ನಾಯಿಗಳೊಡನೆ ಅಲ್ಲಿ ಅಡ್ಡಾಡುತ್ತಾರೆ, ನೆಲಕ್ಕೆ ಬಿಡುವು. ಅಷ್ಟಮಿ ಚತುರ್ದಶಿಗಳಲ್ಲಿ ಹಸುರು ಕಾಯಿಪಲ್ಯಕ್ಕೆ ಬಿಡುವು ಕೊಡುವ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಈ ನಿಯಮ ಅಪರಿಚಿತವೆನಿಸದು. ನಮ್ಮ ದೇಶದಲ್ಲಿಯೂ ನೀರಿಲ್ಲದ ಕಡೆಗಳಲ್ಲಿ ಹಿಂದೆ ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಹರಡಿ ಆಡುತ್ತಿದ್ದುದುಂಟು. ಆದುದರಿಂದ ಆಟಕ್ಕೆ ಹಸುರು ಅನಿವಾರ್ಯವಲ್ಲ. ಹಸುರು ಬೇಕಾದದ್ದು ಕಣ್ಣಿಗೆ. ಹೆಚ್ಚಿನಂಶ ನೋಡುವವರ ಕಣ್ಣಿಗೆ. ನೋಡುವವರಲ್ಲಿ ನಾವೂ ಸೇರಿದ್ದೇವೆ.

ಪೆಬ್ಬಲ್ ಬೀಚಿನ ಚೆಂಡುಗಳ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 2016ರಲ್ಲಿ ಅಲೆಕ್ಸ್ ವೆಬರ್ ಎಂಬ ಹದಿನಾರರ ಹರೆಯದ ಸ್ಥಳೀಯ ವಿದ್ಯಾರ್ಥಿನಿ ತನ್ನ ತಂದೆಯೊಡನೆ ಆ ಬಂಡೆಗಳ ಬುಡದ ಕಡಲಿನಲ್ಲಿ ಮುಳುಗು ಹಾಕಿದಾಗ ತಳದಲ್ಲಿ ಮರಳಿಗೆ ಬದಲಾಗಿ ಗಾಲ್ಫ್ ಚೆಂಡುಗಳೇ ಹಾಸಿಕೊಂಡಿದ್ದುದನ್ನು ಕಂಡಳು. ಮೇಲಿನಿಂದ ಗುರಿ ತಪ್ಪಿ ಬಿದ್ದವು, ಹೊಡೆದವರು ಮರೆತುಬಿಟ್ಟವು. ಗಾಲ್ಫ್ ಚೆಂಡು ನೀರಿನಲ್ಲಿ ತೇಲುವುದಿಲ್ಲ. ಆದ್ದರಿಂದ ದಂಡೆಯ ಮೇಲೆ ನಿಂತವರಿಗೆ ಅದು ಕಾಣುವುದೂ ಇಲ್ಲ. ಅವಳು ಹೆಕ್ಕತೊಡಗಿದಳು. ಮ್ಯಾಥ್ಯೂ ಸವೋಕಾ ಎಂಬ ವಿಜ್ಞಾನಿ ಅವಳಿಗೆ ನೆರವಾದರು. ಎರಡು ವರ್ಷಗಳಲ್ಲಿ ಆ ಪ್ರದೇಶದ ಕಡಲಂಚಿನ ಮೈದಾನಗಳ ಬಳಿ ಎತ್ತಿದ ಚೆಂಡುಗಳ ಸಂಖ್ಯೆ 50,681. ತೂಕ ಸುಮಾರು ಎರಡೂವರೆ ಟನ್ನು. 2019ರಲ್ಲಿ ಇದು ವಿಜ್ಞಾನಪತ್ರಿಕೆಯೊಂದರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಅಲೆಗಳ ತಿಕ್ಕಾಟಕ್ಕೆ ಚೆಂಡಿನ ಪ್ಲಾಸ್ಟಿಕ್ ಹೊರಪದರ ಸವೆದು ಪುಡಿಯಾಗಿ ನೀರಿಗೆ ಸೇರುತ್ತದೆ. ಒಳಗಿನ ರಬ್ಬರಿನಲ್ಲಿ ಸತುವಿನ ಸಂಯುಕ್ತಗಳಿವೆ. ಆ ಕಡಲು 1992ರಿಂದಲೂ ಸರ್ಕಾರವು ಘೋಷಿಸಿದ ಸಂರಕ್ಷಿತ ಸಾಗರಧಾಮ. ಸೀಲ್‌ಗಳು, ನೀರುಕಾಗೆಗಳು, ಮರದಂತೆ ಎತ್ತರಕ್ಕೆ ಬೆಳೆಯುವ ಕಡಲಸಸ್ಯಗಳ ಅಡವಿ, ಅದರ ನಡುವೆ ಮರಿಯನ್ನು ಎದೆಯ ಮೇಲಿಟ್ಟುಕೊಂಡು ಅಂಗಾತ ತೇಲುವ ನೀರುನಾಯಿಗಳು ಅಲ್ಲಿವೆ. ಈ ನೀರುನಾಯಿಗಳನ್ನು ತುಪ್ಪಳಕ್ಕಾಗಿ ಕೊಂದು ಕೊಂದು ಆ ತೀರದಲ್ಲಿ ನಾಮಾವಶೇಷವಾದವೆಂದೇ ಜನರು ತಿಳಿದಿದ್ದರು. 1938ರಲ್ಲಿ, ಇಲ್ಲಿಂದ ತುಸು ದಕ್ಷಿಣಕ್ಕೆ, ಬಿಕ್ಸ್‌ಬಿ ಹಳ್ಳದ ಬಳಿ ಅವುಗಳ ಸಣ್ಣ ಗುಂಪೊಂದು ಕಾಣಿಸಿತು. ಇಂದು ಕಾಣುವವು ಆ ಗುಂಪಿನ ಸಂತತಿ.

ಚೆಂಡು ಹೊಡೆದವನಿಗೆ ನೀರುನಾಯಿಯ ಮೇಲೆ ದ್ವೇಷವಿರಲಿಲ್ಲ. ಅವನ ಮನಸ್ಸೆಲ್ಲ ಕುಳಿಯ ಮೇಲಿತ್ತು. ಹಾಗಾದರೆ ಹಿಂಸೆಯೆಲ್ಲಿ? ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹರಣದ ಮಾತಿಗಿಂತ ಮೊದಲು ಪ್ರಮಾದದ ಮಾತನ್ನು ಇಟ್ಟಿರುವುದು ಇಂಥ ಸಂದರ್ಭಕ್ಕಾಗಿಯೇ. ದ್ವೇಷವಿಲ್ಲದಿರುವುದು ಸಾಲದು, ಎಚ್ಚರವೂ ಇರಬೇಕು. ಅದೇ ಗ್ರಂಥದಲ್ಲಿ ದೇಶವ್ರತದ ಅತಿಚಾರಗಳನ್ನು ಎಣಿಸುವಾಗ ‘ಪುದ್ಗಲಕ್ಷೇಪ’ವೆಂಬ ಒಂದು ಹೆಸರು ಬರುತ್ತದೆ: ತಾನು ಗೆರೆ ದಾಟದೆ, ಗೆರೆಯಾಚೆಗೆ ವಸ್ತುವನ್ನೆಸೆಯುವುದು. ಹೊರಗಿರುವವರ ಗಮನ ಸೆಳೆಯಲು ಕಲ್ಲು ಹೆಂಟೆ ಎಸೆಯುವವನನ್ನು ಕುರಿತು ಟೀಕಾಕಾರರು ಇದನ್ನು ವಿವರಿಸುತ್ತಾರೆ. ಗಾಲ್ಫ್ ಚೆಂಡು ಅವರ ಕಲ್ಪನೆಯಲ್ಲಿರಲು ಸಾಧ್ಯವಿಲ್ಲ. ಆದರೂ ಭಾವ ಒಂದೇ. ನಾನು ನಿಂತಲ್ಲಿಯೇ ಇದ್ದೇನೆ, ದಾಟಿಲ್ಲ, ಮುಟ್ಟಿಲ್ಲ ಎಂದು ಹೇಳಿಕೊಳ್ಳುವವನ ಕೈಯಿಂದ ಹೊರಟದ್ದು ಎಲ್ಲಿ ಹೋಗಿ ಬಿತ್ತೆಂಬುದನ್ನೂ ವ್ರತವು ಕೇಳುತ್ತದೆ. ಅಂಚಿನಲ್ಲಿ ನಿಂತು ಕಡಲಿಗೆ ತೆಂಗಿನಕಾಯಿಯ ಜೊತೆ ಪ್ಲಾಸ್ಟಿಕ್ ಚೀಲವನ್ನೂ ಎಸೆದು ಕೈಮುಗಿಯುವ ನಮ್ಮ ಯಾತ್ರಿಕರೂ ಈ ಅತಿಚಾರದ ಹೆಸರನ್ನು ತಿಳಿದಿರುವುದು ಒಳ್ಳೆಯದು.

ಮೈದಾನದವರ ಪಕ್ಷವನ್ನೂ ಹೇಳಬೇಕಾದುದು ನ್ಯಾಯ. ಚೆಂಡುಗಳ ವಿಷಯ ಬಯಲಾದ ಮೇಲೆ ಒಡೆಯರೂ ಸಾಗರಧಾಮದ ಅಧಿಕಾರಿಗಳೂ ಸೇರಿ ಅವನ್ನು ಎತ್ತಿಸುವ ಏರ್ಪಾಡು ಮಾಡಿಕೊಂಡರು. ನೀರಿನ ವಿಷಯದಲ್ಲಿ ಅವರು ಅದಕ್ಕೂ ಮೊದಲೇ ಎಚ್ಚೆತ್ತಿದ್ದರು. ಆ ಪರ್ಯಾಯದ್ವೀಪ ನೋಡಲು ಹಸುರಾದರೂ ನೀರಿಗೆ ಬಡವ. 1976-77ರ ಬರಗಾಲದಲ್ಲಿ ಅಲ್ಲಿನ ಮನೆಗಳಿಗೆ ನೀರನ್ನು ಅಳೆದು ಕೊಡಲಾಗಿತ್ತು. ಕಾರ್ಮೆಲ್ ನದಿಯಿಂದ ಹಕ್ಕಿಗೆ ಮೀರಿ ನೀರೆತ್ತಲಾಗುತ್ತಿದೆಯೆಂದು ರಾಜ್ಯದ ಜಲಮಂಡಳಿ 1995ರಲ್ಲಿ ತೀರ್ಮಾನಿಸಿತು; ಆ ನದಿಯನ್ನೇರಿ ಬಂದು ಮೊಟ್ಟೆಯಿಡುವ ಮೀನುಗಳು ಕ್ಷೀಣಿಸಿದ್ದವು. ಗಾಲ್ಫ್ ಮೈದಾನಗಳಿಗೆ ಕುಡಿಯುವ ನೀರಿನ ಬದಲು, ಊರ ಬಚ್ಚಲಿನ ನೀರನ್ನೇ ಶುದ್ಧಿಗೊಳಿಸಿ ಹಾಯಿಸುವ ಯೋಜನೆ 1994ರಲ್ಲಿ ಆರಂಭವಾಗಿತ್ತು. ಇದು ಮೆಚ್ಚತಕ್ಕ ಕೆಲಸ. ವಿಜಯಪುರದ ಬಚ್ಚಲ ನೀರಿಗೆ ನಾವು ಅಷ್ಟು ಗೌರವ ಕೊಟ್ಟಿದ್ದೇವೆಯೇ ಎಂದು ಕೇಳಿಕೊಂಡರೆ ತಲೆ ತಗ್ಗುತ್ತದೆ. ಇನ್ನೊಂದು ವಾದವೂ ಉಂಟು: ಮೈದಾನವಿರದಿದ್ದರೆ ಆ ಅಂಚಿನುದ್ದಕ್ಕೂ ಮನೆಗಳೂ ಹೋಟೆಲುಗಳೂ ಏಳುತ್ತಿದ್ದವು, ಹುಲ್ಲಾದರೂ ಉಳಿದದ್ದು ಆಟದಿಂದ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಆದರೆ ‘ಅದಕ್ಕಿಂತ ಇದು ವಾಸಿ’ ಎಂಬ ತರ್ಕದಿಂದ ಎಲ್ಲ ಬಗೆಯ ಪರಿಗ್ರಹವನ್ನೂ ಸಮರ್ಥಿಸಬಹುದಾದುದರಿಂದ, ಅದನ್ನು ಮಿತವಾಗಿ ಬಳಸುವುದು ಲೇಸು.

ಹಾಗಾದರೆ ನೋಡಲು ಹೋದವನ ಪಾಡೇನು? ಕಣ್ಣು ಮುಚ್ಚಿಕೊಳ್ಳಬೇಕೆಂದು ಯಾರೂ ಹೇಳಿಲ್ಲ. ಆ ಬಂಡೆಯಂಚಿನಲ್ಲಿ ನಿಂತಾಗ ಎದುರಿಗೆ ಎರಡು ವಸ್ತುಗಳಿರುತ್ತವೆ. ಒಂದು ಕಡಲು, ಬಂಡೆ, ಗಾಳಿಗೆ ಬಾಗಿದ ಸೈಪ್ರಸ್ ಮರ. ಇವನ್ನು ಯಾರೂ ಮಾಡಲಿಲ್ಲ, ಇವು ಚೆಂದ ಕಾಣಲೆಂದು ಯಾರ ನೀರೂ ಕಡಿಮೆಯಾಗಲಿಲ್ಲ. ಇನ್ನೊಂದು ಆ ಅಂಚಿನವರೆಗೂ ಚಾಚಿದ ಕೊಯ್ದ ಹುಲ್ಲು. ಇದು ಮಾಡಿದ್ದು, ದಿನವೂ ಮಾಡುತ್ತಿರುವಂಥದು. ಛಾಯಾಚಿತ್ರದಲ್ಲಿ ಎರಡೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಕಡಲಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಹುಲ್ಲು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ. ಮನೆಗೆ ಮರಳಿದ ಮೇಲೆ ನೆನಪಿನಲ್ಲಿ ಉಳಿಯುವುದು ‘ಅಂಥ ಹುಲ್ಲು ನಮ್ಮಲ್ಲೂ ಇರಬೇಕು’ ಎಂಬ ಬಯಕೆ. ಕಡಲನ್ನು ಯಾರೂ ಅಥಣಿ ರಸ್ತೆಗೆ ತರಲು ಬಯಸುವುದಿಲ್ಲ. ಅನುಮೋದನೆ ಹುಟ್ಟುವುದು ಕಣ್ಣಿನಲ್ಲಲ್ಲ, ಈ ಬಯಕೆಯಲ್ಲಿ ಎಂದು ನನ್ನ ಅಭಿಪ್ರಾಯ. ಹುಲಿ, ಕೋತಿಗಳ ಹರ್ಷವೂ ಬರಿಯ ನೋಟವಾಗಿರಲಿಲ್ಲ. ತಾವೂ ಹಾಗೆ ಕೊಡುವಂತಾದರೆ ಎಂಬ ಹಂಬಲ ಅದರಲ್ಲಿತ್ತೆಂದೇ ಅದು ಫಲಿಸಿತು. ದಿಗ್ವ್ರತಕ್ಕೆ ಎಲ್ಲೆಗಳನ್ನು ಸೂಚಿಸುವಾಗ ಸಮಂತಭದ್ರರು ಮೊತ್ತಮೊದಲು ಹೆಸರಿಸುವುದು ಸಮುದ್ರವನ್ನು. ಅನಂತರ ನದಿ, ಅಡವಿ, ಬೆಟ್ಟಗಳನ್ನು. ಸಮುದ್ರವನ್ನು ಕಂಡವನಿಗೆ ‘ಇಲ್ಲಿಗೆ ಸಾಕು’ ಎಂಬ ಭಾವ ತಾನಾಗಿ ಮೂಡುವುದರಿಂದ ಹಾಗೆ ಹೇಳಿರಬಹುದೇ ಎಂದು ಆ ಅಂಚಿನಲ್ಲಿ ನಿಂತಾಗ ನನಗನ್ನಿಸಿತು. ಇದು ಟೀಕಾಕಾರರ ಮಾತಲ್ಲ, ನನ್ನ ಊಹೆ.

ಬಯಕೆಯ ಮಾತು ಬಂದುದರಿಂದ ಮಂದಿರಗಳ ಟ್ರಸ್ಟಿನವರಲ್ಲಿ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಇತ್ತೀಚೆಗೆ ನಮ್ಮ ಒಣಪ್ರದೇಶದ ಬಸದಿಗಳ, ಯಾತ್ರಿಕ ನಿವಾಸಗಳ ಸುತ್ತ ಹುಲ್ಲುಹಾಸು ಹಾಕಿಸುವ ಉತ್ಸಾಹ ಹೆಚ್ಚುತ್ತಿದೆ. ಹೊರನಾಡಿನಿಂದ ಬಂದ ದಾನಿಗಳು ತಾವು ಕಂಡ ಉದ್ಯಾನಗಳ ಚಿತ್ರವನ್ನು ತೋರಿಸಿ, ಹೀಗೆಯೇ ಆಗಲಿ ಎನ್ನುತ್ತಾರೆ. ದಾನಿಯ ಮನ ನೋಯಿಸಲಾರದೆ ಸಭೆ ಒಪ್ಪುತ್ತದೆ. ಭಕ್ತಿಯಿಂದ ಕೊಟ್ಟದ್ದು, ಅದರಲ್ಲಿ ತಪ್ಪೆಣಿಸುವುದು ಹೇಗೆ ಎಂಬ ಸಂಕೋಚ ಸಹಜವಾದುದೇ. ಆದರೆ ಚೈತ್ರ ವೈಶಾಖಗಳಲ್ಲಿ ಆ ಹುಲ್ಲು ಬದುಕುವುದು ಟ್ಯಾಂಕರಿನಿಂದ. ಬಾಗಿಲಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂದು ಫಲಕ ಹಾಕಿ, ಹಿಂದೆ ಕೊಳವೆಯಿಂದ ಸೋಸದ ನೀರನ್ನು ಗಂಟೆಗಟ್ಟಲೆ ಚೆಲ್ಲುವುದನ್ನು ನೋಡಿದ ಮಕ್ಕಳು ಏನೆಂದು ತಿಳಿಯಬೇಕು? ಒಂದು ಕ್ಷೇತ್ರದ ಸಭೆಯಲ್ಲಿ ಇಂಥ ಪ್ರಸ್ತಾಪ ಬಂದಾಗ ಹಿರಿಯ ಸದಸ್ಯರೊಬ್ಬರು ವಿರೋಧಿಸಲಿಲ್ಲ. ಹುಲ್ಲಿಗೆ ವಾರಕ್ಕೆ ಎಷ್ಟು ಟ್ಯಾಂಕರು ಬೇಕು, ಅದು ಯಾವ ಊರಿನ ಯಾರ ಬಾವಿಯಿಂದ ಬರುತ್ತದೆ, ಬೇಸಗೆಯಲ್ಲಿ ಆ ಬಾವಿಯಿಂದ ಇನ್ನಾರು ಸೇದುತ್ತಾರೆ ಎಂಬ ಮೂರನ್ನು ಮಾತ್ರ ಠರಾವಿನ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಸಭೆಗೆ ಬನ್ನಿರೆಂದರು. ಮುಂದಿನ ಸಭೆಗೆ ದಾನಿಗಳೇ ಬೇವು, ಹುಣಸೆ, ಬಿಲ್ವದ ಸಸಿಗಳ ಪಟ್ಟಿಯೊಂದಿಗೆ ಬಂದರು. ನೆರಳಾಗಲು ಹತ್ತು ವರ್ಷ ಬೇಕೆಂದು ಯಾರೋ ಅಂದಾಗ, ಬಸದಿಗೆ ಎಂಟುನೂರು ವರ್ಷವಾಗಿದೆ, ಕಾಯುತ್ತದೆ ಎಂದು ಅವರು ಹೇಳಿದರಂತೆ.